ಖನಿಜದ ಮಣ್ಣು, ತುಕ್ಕು ಮೊಳೆ: ಮೆಟಲ್ ಡಿಟೆಕ್ಟರ್ ಎಲ್ಲಿ ಎಡವುತ್ತದೆ

ಒಂದು ಒಳ್ಳೆಯ ಮೆಟಲ್ ಡಿಟೆಕ್ಟರ್ ಎದುರು ಗಾಳಿಯಲ್ಲಿ ನಾಣ್ಯ ಆಡಿಸಿ ನೋಡಿ. 30 ಸೆಂಟಿಮೀಟರ್ ದೂರದಿಂದಲೂ ಅದು ಕೂಗಬಹುದು. ಅದೇ ನಾಣ್ಯ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣಿನಲ್ಲಿ 15 ಸೆಂಟಿಮೀಟರ್ ಆಳದಲ್ಲಿದ್ದರೆ ಯಂತ್ರ ಸುಮ್ಮನಿರಬಹುದು. ಕೂಗಿದರೂ 'ಇದು ಕಬ್ಬಿಣ' ಅಂತ ತೋರಿಸಬಹುದು. ಮೇಲೆ ಎರಡು ತುಕ್ಕು ಮೊಳೆ ಬಿದ್ದಿದ್ದರಂತೂ ಅಂಗೈ ಆಳದ ನಾಣ್ಯವೂ ಕೈಗೆ ಸಿಗುವುದಿಲ್ಲ.

ಇಂಥ ಜಾಗಕ್ಕೆ ಹೋದವರು ಸಾಮಾನ್ಯವಾಗಿ ಯಂತ್ರವನ್ನು ಬೈಯುತ್ತಾರೆ, ಇಲ್ಲವೇ ಜಾಗದಲ್ಲಿ ಏನೂ ಉಳಿದಿಲ್ಲ ಎಂದು ವಾಪಸ್ ಬರುತ್ತಾರೆ. ಎರಡೂ ತಪ್ಪು ತೀರ್ಮಾನ. ಅಲ್ಲಿ ನಡೆಯುತ್ತಿರುವುದು ಎರಡು ಬೇರೆ ಬೇರೆ ತೊಂದರೆ. ಒಂದು ಮಣ್ಣಿನದು, ಇನ್ನೊಂದು ಕಸದ್ದು. ಎರಡಕ್ಕೂ ಮೂಲ ಕಬ್ಬಿಣವೇ ಆದ್ದರಿಂದ ಒಂದೇ ಎಂದು ಅನಿಸುತ್ತದೆ. ಆದರೆ ಒಂದಕ್ಕೆ ಕೊಡುವ ಮದ್ದು ಎಷ್ಟೋ ಸಲ ಇನ್ನೊಂದನ್ನು ಹೆಚ್ಚಿಸುತ್ತದೆ. ಅವೆರಡನ್ನೂ ಬಿಡಿಸಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಯಂತ್ರಕ್ಕೆ ಕೇಳಿಸುವುದು ಏನು?

ಹೆಚ್ಚಿನವರ ಕೈಯಲ್ಲಿರುವುದು ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಯಂತ್ರ. ಅದರ ಕೋಲಿನ ತುದಿಯಲ್ಲಿ, ನೆಲದ ಮೇಲೆ ಆಡಿಸುವ ತಟ್ಟೆಗೆ ಕಾಯಿಲ್ ಎನ್ನುತ್ತಾರೆ. ಕಾಯಿಲ್ ಒಳಗೆ ಎರಡು ತಂತಿ ಸುರುಳಿಗಳಿವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಗೆ ಕಳಿಸುತ್ತದೆ. ವಿಎಲ್‌ಎಫ್ ಎಂದರೆ 3ರಿಂದ 30 ಕಿಲೋಹರ್ಟ್ಸ್ ಪಟ್ಟಿ. ಸಣ್ಣ ಚಿನ್ನದ ಚೂರು ಹುಡುಕುವ ಕೆಲವು ಯಂತ್ರಗಳು ಅದಕ್ಕಿಂತ ಮೇಲಕ್ಕೂ ಹೋಗುತ್ತವೆ. ಈ ಕ್ಷೇತ್ರ ಲೋಹಕ್ಕೆ ತಾಗಿದಾಗ ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟುತ್ತದೆ. ಆ ಸುಳಿ ವಿದ್ಯುತ್ತು ತನ್ನದೇ ಒಂದು ಸಣ್ಣ ಕಾಂತಕ್ಷೇತ್ರವನ್ನು ತಿರುಗಿ ಕಳಿಸುತ್ತದೆ. ಎರಡನೇ ಸುರುಳಿ ಹಿಡಿಯುವುದು ಇದನ್ನೇ.

ಯಂತ್ರ ಇದರಲ್ಲಿ ಎರಡು ವಿಷಯ ನೋಡುತ್ತದೆ. ಸಿಗ್ನಲ್ ಎಷ್ಟು ಜೋರಾಗಿದೆ? ಕಳಿಸಿದ ಅಲೆಗಿಂತ ಎಷ್ಟು ತಡವಾಗಿ ಬಂದಿದೆ? ಈ ತಡಕ್ಕೆ ಫೇಸ್ ಎನ್ನುತ್ತಾರೆ. ದಪ್ಪ ಬೆಳ್ಳಿ ನಾಣ್ಯದಲ್ಲಿ ವಿದ್ಯುತ್ ಸಲೀಸಾಗಿ ಸುತ್ತುತ್ತದೆ, ಅದರ ಫೇಸ್ ತುಂಬ ಸರಿಯುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ ಹಾಳೆಯಲ್ಲಿ ಕಮ್ಮಿ ಸರಿಯುತ್ತದೆ. ಪರದೆ ಮೇಲೆ ಕಾಣುವ ಟಾರ್ಗೆಟ್ ನಂಬರ್ ಬರುವುದು ಈ ಲೆಕ್ಕದಿಂದ. ಯಂತ್ರಕ್ಕೆ ಬೆಳ್ಳಿ, ತಾಮ್ರ ಎಂಬುದೆಲ್ಲ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಜೋರು ಮತ್ತು ತಡ, ಅಷ್ಟೇ.

ಆಳದ ವಿಷಯ ಇನ್ನೂ ಕಠಿಣ. ಕಾಯಿಲ್‌ನಿಂದ ಹೊರಟ ಕ್ಷೇತ್ರ ದೂರ ಹೋದಂತೆ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ನಾಣ್ಯದಿಂದ ವಾಪಸ್ ಬರುವಾಗಲೂ ಹಾಗೇ. ಎರಡನ್ನೂ ಸೇರಿಸಿದರೆ ಆರನೇ ಘಾತ. ಕಾಯಿಲ್‌ನ ಅಗಲಕ್ಕಿಂತ ಹೆಚ್ಚಿನ ದೂರದಲ್ಲಿ, ದೂರ ದುಪ್ಪಟ್ಟಾದರೆ ಸಿಗ್ನಲ್ 64 ಪಟ್ಟು ಕುಗ್ಗುತ್ತದೆ. ಅಂದರೆ ಆಳದ ನಾಣ್ಯದಿಂದ ಬರುವುದು ತೀರಾ ಕ್ಷೀಣ ದನಿ. ಅದರ ಸುತ್ತಲಿನ ಮಣ್ಣು ಮಾತ್ರ ಕಾಯಿಲ್‌ಗೆ ಅಂಟಿಕೊಂಡೇ ಇದೆ. ಆ ಮಣ್ಣಿಗೇ ದನಿ ಇದ್ದರೆ?

ಮಣ್ಣಿಗೂ ದನಿ ಇದೆ

ಖನಿಜದ ಮಣ್ಣು ಎಂದಾಗ ಮುಖ್ಯವಾಗಿ ಎರಡು ಕಬ್ಬಿಣದ ಆಕ್ಸೈಡ್‌ಗಳ ಹೆಸರು ಬರುತ್ತದೆ: ಮ್ಯಾಗ್ನೆಟೈಟ್ ಮತ್ತು ಮ್ಯಾಘೆಮೈಟ್. ಕಡಲತೀರದ, ಹೊಳೆದಂಡೆಯ ಕಪ್ಪು ಮರಳಿನಲ್ಲಿ ಮೊದಲನೆಯದು ಹೆಚ್ಚು. ಜಂಬಿಟ್ಟಿಗೆಯಂಥ ಕೆಂಪು ಮಣ್ಣಿನಲ್ಲಿ ಎರಡನೆಯದು ಸಾಮಾನ್ಯ. ಮಣ್ಣು ಕೆಂಪಾಗಿದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಕೆಂಪು ಬಣ್ಣ ಕೊಡುವ ಹೆಮಟೈಟ್ ಕಾಂತಕ್ಷೇತ್ರಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ನೋಡಲು ಸಾಧಾರಣ ಕಂದು ಮಣ್ಣು ಯಂತ್ರಕ್ಕೆ ನರಕವಾಗಬಹುದು, ಕಡುಗೆಂಪು ಮಣ್ಣು ಸಲೀಸಾಗಿ ಬಿಟ್ಟುಕೊಡಬಹುದು. ಕಣ್ಣಿಗಿಂತ ಯಂತ್ರದ ಮಾತು ನಂಬಿ.

ಈ ತೊಂದರೆ ಡಿಟೆಕ್ಟರ್‌ನಷ್ಟೇ ಹಳೆಯದು ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಂಜಿನಿಯರ್ ಗೆರ್ಹಾರ್ಡ್ ಫಿಷರ್ ಮೊದಲು ಮಾಡುತ್ತಿದ್ದದ್ದು ರೇಡಿಯೊದಿಂದ ದಿಕ್ಕು ಗುರುತಿಸುವ ಉಪಕರಣದ ಕೆಲಸ. ಲೋಹವೋ ಅದಿರಿನ ಬಂಡೆಯೋ ಇದ್ದ ಕಡೆ ಉಪಕರಣ ತಪ್ಪು ದಿಕ್ಕು ತೋರಿಸುತ್ತಿತ್ತು. ಆ ತಪ್ಪನ್ನೇ ಹಿಡಿದು ಅವರು ಡಿಟೆಕ್ಟರ್ ಕಟ್ಟಿದರು. 1937ರಲ್ಲಿ ಪೇಟೆಂಟ್ ಸಿಕ್ಕಿತು. ಈಗ ನಾವು ಶಾಪ ಹಾಕುವ ಅದಿರಿನ ಅಂಶಕ್ಕೂ ಆ ಯಂತ್ರದ ಹುಟ್ಟಿನಲ್ಲಿ ಪಾಲಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ವಲ್ಪ ನಿಧಾನವಾಗಿ ಓದಿ. ಮಣ್ಣಿನ ಕಾಂತಗುಣ ಎರಡು ಬಗೆ. ದಪ್ಪ ಕಣಗಳ ಮ್ಯಾಗ್ನೆಟೈಟ್ ಕ್ಷೇತ್ರ ತಾಗಿದ ಕೂಡಲೇ ಸ್ಪಂದಿಸುತ್ತದೆ, ತಡ ಮಾಡುವುದಿಲ್ಲ. ಅದರ ಸಿಗ್ನಲ್ ಎಷ್ಟೇ ಜೋರಿದ್ದರೂ ಫೇಸ್ ಒಂದೇ ಕಡೆ ನಿಲ್ಲುತ್ತದೆ. ಅದನ್ನು ಕಳೆಯುವುದು ಸುಲಭ. ಆದರೆ 20 ನ್ಯಾನೊಮೀಟರ್ ಆಸುಪಾಸಿನ ಅತಿ ಸಣ್ಣ ಕಣಗಳು ಕ್ಷೇತ್ರ ಬದಲಾದಾಗ ತುಸು ಹಿಂದುಳಿದು ತಿರುಗುತ್ತವೆ. ಈ ಹಿಂದುಳಿಯುವಿಕೆ ಲೋಹದ ತಡದ ಹಾಗೇ ಕಾಣುತ್ತದೆ. ನಿಜವಾಗಿ ಕಾಡುವ ಮಣ್ಣು ಇದು. ಆಯಸ್ಕಾಂತಕ್ಕೆ ಎಷ್ಟು ಕಪ್ಪು ಪುಡಿ ಅಂಟುತ್ತದೆ ಎಂದು ನೋಡಿ ಮಣ್ಣನ್ನು ಅಳೆಯುವವರಿದ್ದಾರೆ. ಅದು ಮೊದಲ ಬಗೆಯನ್ನು ತೋರಿಸುತ್ತದೆ. ಎರಡನೆಯದರ ಬಗ್ಗೆ ಏನೂ ಹೇಳುವುದಿಲ್ಲ.

ಬೆಂಕಿ ಈ ಸಣ್ಣ ಕಣಗಳ ದೊಡ್ಡ ಕಾರ್ಖಾನೆ. ಸಾಧಾರಣ ಕಬ್ಬಿಣದ ಅಂಶವಿರುವ ಮಣ್ಣು ಚೆನ್ನಾಗಿ ಕಾದಾಗ, ಸುತ್ತ ಎಲೆ ಸೊಪ್ಪಿನ ಅಂಶವೂ ಇದ್ದರೆ, ಅದರ ಆಕ್ಸೈಡ್‌ಗಳು ಮ್ಯಾಗ್ನೆಟೈಟ್, ಮ್ಯಾಘೆಮೈಟ್ ಆಗಿ ಬದಲಾಗುತ್ತವೆ. ಮೇಲ್ಮಣ್ಣು ಕೆಳಗಿನ ಮಣ್ಣಿಗಿಂತ ಹೆಚ್ಚು ಕಾಂತಗುಣ ತೋರಿಸುವುದನ್ನು ಫ್ರಾನ್ಸಿನ ವಿಜ್ಞಾನಿ ಲೆ ಬೋರ್ನ್ 1950ರ ದಶಕದಲ್ಲಿ ವಿವರಿಸಿದರು. ಪುರಾತತ್ವದವರು ಹಳೆಯ ಒಲೆ, ಗೂಡುಗಳನ್ನು ಅಗೆಯದೇ ಗುರುತಿಸುವುದು ಇದೇ ಗುಣದಿಂದ. ನಮಗೆ ಇದರಿಂದ ಗೊತ್ತಾಗುವುದು ಏನೆಂದರೆ, ಜನ ವಾಸವಿದ್ದ ಹಳೆಯ ಜಾಗದ ಮಣ್ಣು ಮೊದಲು ಸಾಧಾರಣವಾಗಿದ್ದರೂ ನಂತರ ಕೆಟ್ಟಿರುತ್ತದೆ. ಇಟ್ಟಿಗೆ ಚೂರು, ಸುಟ್ಟ ಜೇಡಿಮಣ್ಣು, ಕುಲುಮೆಯ ಕಿಟ್ಟ, ಬೂದಿ ಎಲ್ಲವೂ ಅಲ್ಲಿ ಬೆರೆತಿರುತ್ತವೆ. ಮೊಳೆಗಳು ತುಕ್ಕು ಹಿಡಿದು ಸುತ್ತಲಿನ ಮಣ್ಣಿಗೂ ಕಬ್ಬಿಣ ಬಿಟ್ಟಿರುತ್ತವೆ. ಹಾಗಾಗಿ ಖನಿಜ ಮತ್ತು ಕಸ ಒಟ್ಟೊಟ್ಟಿಗೇ ಸಿಗುವುದು ಆಕಸ್ಮಿಕವಲ್ಲ.

ಗ್ರೌಂಡ್ ಬ್ಯಾಲೆನ್ಸ್ ಮತ್ತು ಅದರ ಮಿತಿ

ಮಣ್ಣಿನ ದನಿಯನ್ನು ಕಳೆಯುವ ಕೆಲಸಕ್ಕೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ತಕ್ಕಡಿಯಲ್ಲಿ ಮೊದಲು ಖಾಲಿ ಪಾತ್ರೆಯ ತೂಕ ಕಳೆದು, ಆಮೇಲೆ ಸಾಮಾನು ತೂಗುವ ಹಾಗೆ. ಮಣ್ಣಿನ ಫೇಸ್ ಎಲ್ಲಿದೆ ಎಂದು ಯಂತ್ರಕ್ಕೆ ಕಲಿಸುತ್ತೀರಿ. ಆ ಫೇಸ್‌ನಲ್ಲಿ ಬಂದದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಾಡುವ ಕ್ರಮ ಸುಲಭ. ಕಾಯಿಲ್ ಅನ್ನು ಸುಮಾರು 30 ಸೆಂಟಿಮೀಟರ್ ಎತ್ತರದಿಂದ ನೆಲಕ್ಕೆ ತಾಗುವಷ್ಟು ಕೆಳಗೆ ತಂದು, ಮತ್ತೆ ಎತ್ತಿ, ಹೀಗೆ ಕೆಲವು ಸಲ ಮಾಡಬೇಕು. ಇಳಿಸುವಾಗಲೂ ಎತ್ತುವಾಗಲೂ ಸದ್ದು ಬದಲಾಗದಿದ್ದರೆ ಬ್ಯಾಲೆನ್ಸ್ ಸರಿಯಾಗಿದೆ ಎಂದರ್ಥ.

ಆದರೆ ಕಬ್ಬಿಣದ ಕಸ ತುಂಬಿದ ಜಾಗದಲ್ಲಿ ಇದೇ ಮೊದಲ ಬಲೆ. ನೀವು ಕಾಯಿಲ್ ಆಡಿಸಿದ ಜಾಗದ ಕೆಳಗೆ ಒಂದು ಮೊಳೆ ಇದ್ದರೆ ಯಂತ್ರ ಮಣ್ಣಿನ ಬದಲು ಮಣ್ಣು ಮತ್ತು ಮೊಳೆ ಸೇರಿದ ಒಂದು ಸುಳ್ಳು ಫೇಸ್ ಕಲಿಯುತ್ತದೆ. ಆಮೇಲೆ ಇಡೀ ದಿನ ಅದು ನಿಮಗೆ ತಪ್ಪನ್ನೇ ಹೇಳುತ್ತದೆ. ಆದ್ದರಿಂದ ಮೊದಲು ಯಾವ ಲೋಹವನ್ನೂ ಬಿಡದೆ ಕೂಗುವ ಆಲ್ ಮೆಟಲ್ ಮೋಡ್‌ಗೆ ಹೋಗಿ, ಯಾವ ಸದ್ದೂ ಬಾರದ ಒಂದು ತುಂಡು ನೆಲ ಹುಡುಕಿ. ಒಂದೇ ಕಡೆ ನಂಬಬೇಡಿ. ಮೂರು ನಾಲ್ಕು ಕಡೆ ಬ್ಯಾಲೆನ್ಸ್ ಮಾಡಿ ನಂಬರ್ ಹೋಲಿಸಿ. ಹೆಚ್ಚಿನ ಕಡೆ ಒಂದೇ ಬಗೆಯ ನಂಬರ್ ಬಂದು, ಒಂದು ಕಡೆ ಮಾತ್ರ ದೂರ ಹೋದರೆ, ಅಲ್ಲಿ ಕೆಳಗೆ ಏನೋ ಇದೆ.

ಇನ್ನು ಟ್ರ್ಯಾಕಿಂಗ್ ಎಂಬ ಸೌಲಭ್ಯ. ನೀವು ನಡೆದಂತೆ ಯಂತ್ರ ತಾನೇ ಬ್ಯಾಲೆನ್ಸ್ ಬದಲಿಸಿಕೊಳ್ಳುತ್ತದೆ. ನಿಧಾನವಾಗಿ ಬದಲಾಗುವ ಬಯಲು ಮಣ್ಣಿನಲ್ಲಿ ಇದು ಒಳ್ಳೆಯದು. ಮೊಳೆಗಳ ಮಧ್ಯೆ ಮಾತ್ರ ಬೇಡ. ಅದು ಮೊಳೆಗಳ ಹಿಂದೆಯೇ ಓಡುತ್ತದೆ. ಅನುಮಾನದ ಜಾಗದ ಮೇಲೆ ನೀವು ಮತ್ತೆ ಮತ್ತೆ ಕಾಯಿಲ್ ಆಡಿಸಿದರೆ, ಆ ಕ್ಷೀಣ ಸಿಗ್ನಲ್ಲನ್ನೇ ಮಣ್ಣು ಎಂದುಕೊಂಡು ಅಳಿಸಿಬಿಡಬಹುದು. ಕೈಯಾರೆ ಬ್ಯಾಲೆನ್ಸ್ ಮಾಡಿ ಲಾಕ್ ಮಾಡುವುದು ಇಲ್ಲಿ ಉತ್ತಮ. ಕೆಲವು ಮೀಟರ್ ಸರಿದಾಗ, ಯಂತ್ರ ಗೊಣಗಲು ಶುರು ಮಾಡಿದಾಗ, ಮತ್ತೊಮ್ಮೆ ಮಾಡಿದರಾಯಿತು.

ಗ್ರೌಂಡ್ ಬ್ಯಾಲೆನ್ಸ್ ಫೇಸನ್ನು ಸರಿಪಡಿಸುತ್ತದೆ, ಮಣ್ಣಿನ ಪ್ರಮಾಣವನ್ನಲ್ಲ. ಮಣ್ಣಿನ ಸಿಗ್ನಲ್ ನಾಣ್ಯದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿದ್ದಾಗ, ಕಳೆದ ಮೇಲೆ ಉಳಿಯುವ ಚೂರುಪಾರು ತಪ್ಪೇ ನಾಣ್ಯವನ್ನು ಮುಳುಗಿಸಲು ಸಾಕು. ಕಾಯಿಲ್ ಎರಡು ಸೆಂಟಿಮೀಟರ್ ಮೇಲೆ ಕೆಳಗೆ ಆದರೂ ಅದು ಸದ್ದಾಗಿ ಬರುತ್ತದೆ. ಮಣ್ಣಿನ ನಡುವೆ ಇನ್ನೂ ಹೆಚ್ಚು ಖನಿಜವಿರುವ ಬಿಡಿ ಕಲ್ಲುಗಳಿದ್ದರೆ ಅವೂ ಲೋಹದಂತೆ ಕೂಗುತ್ತವೆ. ಅವಕ್ಕೆ ಹಾಟ್ ರಾಕ್ ಎನ್ನುತ್ತಾರೆ. ಇದರ ತದ್ವಿರುದ್ಧದ ಕಲ್ಲುಗಳೂ ಇವೆ. ಕಾಯಿಲ್ ಮೇಲಿಂದ ಹಾದುಹೋಗುವಾಗ ಸುಮ್ಮನಿದ್ದು, ದಾಟಿದ ಮೇಲೆ ಒಂದು ಎಳೆದ ಸದ್ದು ಮಾಡುತ್ತವೆ. ಕೆಲವು ಸಲ ಕೇಳಿದರೆ ಗುರುತು ಸಿಗುತ್ತದೆ.

ಕೆಟ್ಟ ಮಣ್ಣಿನ ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ಆಳ ಹೆಚ್ಚಿದಂತೆ ನಾಣ್ಯದ ಫೇಸ್‌ಗೆ ಮಣ್ಣಿನ ಫೇಸ್ ಬೆರೆಯುತ್ತದೆ, ನಂಬರ್ ಕಬ್ಬಿಣದ ಕಡೆಗೆ ಜಾರುತ್ತದೆ. ಮೇಲೆ ಇದ್ದಾಗ ಚೆಂದದ ಬೆಳ್ಳಿ ನಂಬರ್ ಕೊಟ್ಟ ನಾಣ್ಯ, ಆಳದಲ್ಲಿ ಮೊಳೆಯ ನಂಬರ್ ಕೊಡುತ್ತದೆ. ಪರದೆ ನೋಡಿ ಅಗೆಯುವವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಮೊಳೆ ನಾಣ್ಯವನ್ನು ಹೇಗೆ ನುಂಗುತ್ತದೆ?

ಕಬ್ಬಿಣ ಉಳಿದ ಲೋಹಗಳ ಹಾಗಲ್ಲ. ಅದರಲ್ಲಿ ಸುಳಿ ವಿದ್ಯುತ್ ಹುಟ್ಟುವುದರ ಜೊತೆಗೆ, ಅದು ಕಾಂತಕ್ಷೇತ್ರವನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಮೊಳೆಯಂಥ ಉದ್ದ, ಸಪೂರ ವಸ್ತುವಿನಲ್ಲಿ ಈ ಎಳೆತ ಗೆಲ್ಲುತ್ತದೆ. ಆಗ ಬರುವ ಸಿಗ್ನಲ್ ನಾಣ್ಯದ ಸಿಗ್ನಲ್‌ಗೆ ಬಹುತೇಕ ವಿರುದ್ಧ ದಿಕ್ಕಿನದು. ಎರಡೂ ಒಂದೇ ಕಾಯಿಲ್ ಕೆಳಗೆ ಬಂದರೆ ಯಂತ್ರಕ್ಕೆ ಸಿಗುವುದು ಎರಡರ ಮೊತ್ತ. ಮೊಳೆ ಮೇಲೆ, ನಾಣ್ಯ ಕೆಳಗೆ ಇದ್ದರೆ ಮೊಳೆಯದೇ ಗೆಲುವು. ಎರಡೂ ಸರಿಸಮ ಇದ್ದರೆ ಮಧ್ಯದ ಯಾವುದೋ ಅರ್ಥವಿಲ್ಲದ ನಂಬರ್ ಬರುತ್ತದೆ. ಇದಕ್ಕೆ ಮಾಸ್ಕಿಂಗ್ ಎಂದು ಹೆಸರು. ಹುಡುಕಾಡಿ ಮುಗಿದ ಹಳೆಯ ಜಾಗದಲ್ಲಿ ಉಳಿದಿರುವ ವಸ್ತುಗಳನ್ನು ಅಡಗಿಸಿಟ್ಟಿರುವುದು ಆಳಕ್ಕಿಂತ ಹೆಚ್ಚಾಗಿ ಈ ಮಾಸ್ಕಿಂಗ್ ಎಂಬುದು ನನ್ನ ಗಟ್ಟಿ ನಂಬಿಕೆ.

ಕಬ್ಬಿಣದ ಆಕಾರ ಬದಲಾದರೆ ಕಥೆಯೂ ಬದಲು. ವಾಷರ್, ಸರಪಳಿಯ ಕೊಂಡಿ, ಚಪ್ಪಟೆ ತಗಡು, ಸೋಡಾ ಬಾಟಲಿಯ ಮುಚ್ಚಳ ಇಂಥವುಗಳಲ್ಲಿ ವಿದ್ಯುತ್ ಸುತ್ತಲು ಅಗಲವಾದ ದಾರಿ ಸಿಗುತ್ತದೆ. ಆಗ ಅವು ಒಳ್ಳೆಯ ನಾಣ್ಯದ ಹಾಗೆ ಹಾಡುತ್ತವೆ. ದೊಡ್ಡ ಲಾಳ, ಕೊಡಲಿ ತುಂಡು ಕೂಡ ನಂಬರ್ ಪಟ್ಟಿಯ ತುದಿಗೆ ಹೋಗಿ ಬೆಳ್ಳಿಯ ಜಾಗದಲ್ಲಿ ಕೂರಬಹುದು.

ಈ ಕಬ್ಬಿಣದ ಕಾಟವೂ ಹಳೆಯದೇ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ದೇಹದೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಉಪಕರಣ ತಂದರು. ಎರಡು ಸುರುಳಿಗಳನ್ನು ಸರಿದೂಗಿಸಿ, ಲೋಹ ಬಂದಾಗ ಟೆಲಿಫೋನ್ ರಿಸೀವರ್‌ನಲ್ಲಿ ಸದ್ದು ಕೇಳುವ ವ್ಯವಸ್ಥೆ ಅದು. ಪ್ರಯೋಗದಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಅಧ್ಯಕ್ಷರ ಮೈಮೇಲೆ ಮಾತ್ರ ಎಲ್ಲೆಲ್ಲೂ ಮಂದವಾದ ಸದ್ದು. ಅವರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇತ್ತೆಂಬುದು ಆಮೇಲೆ ತಿಳಿಯಿತು. ಜೊತೆಗೆ, ವೈದ್ಯರು ಹುಡುಕಲು ಬಿಟ್ಟದ್ದು ದೇಹದ ಬಲಭಾಗವನ್ನು. ಗುಂಡು ಇದ್ದದ್ದು ಎಡಕ್ಕೆ. ಗಾರ್‌ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಸುತ್ತಲಿನ ಕಬ್ಬಿಣ ಏನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಡಿಸ್ಕ್ರಿಮಿನೇಶನ್ ಮೇಲೆ ಅತಿಯಾದ ಭರವಸೆ ಬೇಡ

ಮೊಳೆಗಳ ಗೊಂದಲ ಕೇಳಲಾಗದೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಡಿಸ್ಕ್ರಿಮಿನೇಶನ್ ಏರಿಸುವುದು. ಕಬ್ಬಿಣ ಬಂದರೆ ಸದ್ದು ಬೇಡ ಎಂದು ಯಂತ್ರಕ್ಕೆ ಹೇಳುವುದು. ಕಿವಿಗೆ ಹಾಯೆನಿಸುತ್ತದೆ. ಆದರೆ ಏನಾಯಿತು ನೋಡಿ. ಕೆಟ್ಟ ಮಣ್ಣಿನಿಂದಾಗಿ ಆಳದ ನಾಣ್ಯದ ನಂಬರ್ ಕಬ್ಬಿಣದ ಕಡೆ ಜಾರಿದೆ, ಅದು ಅಳಿಸಿಹೋಯಿತು. ಮೊಳೆಯ ಪಕ್ಕದ ನಾಣ್ಯದ ನಂಬರ್ ಸರಾಸರಿಯಾಗಿ ಇಳಿದಿದೆ, ಅದೂ ಹೋಯಿತು. ಮೊಳೆ ಬಂದಾಗ ಯಂತ್ರ ಒಂದು ಗಳಿಗೆ ಬಾಯಿ ಮುಚ್ಚುತ್ತದೆ. ಆ ಗಳಿಗೆಯಲ್ಲಿ ಕಾಯಿಲ್ ದಾಟಿದ ನೆಲವನ್ನು ನೀವು ಹುಡುಕಿಯೇ ಇಲ್ಲ. ಕಸ ದಟ್ಟವಾಗಿದ್ದರೆ ಅರ್ಧ ಜಾಗ ಹೀಗೇ ಮೌನದಲ್ಲಿ ಕಳೆದುಹೋಗುತ್ತದೆ.

ಕಬ್ಬಿಣವನ್ನು ಅಳಿಸುವ ಬದಲು ಕೇಳಿಸಿಕೊಳ್ಳಿ. ಡಿಸ್ಕ್ರಿಮಿನೇಶನ್ ಅನ್ನು ಸೊನ್ನೆಗೋ ಅದರ ಹತ್ತಿರಕ್ಕೋ ತನ್ನಿ. ಕಬ್ಬಿಣಕ್ಕೆ ಒಂದು ತಗ್ಗು ಸ್ವರ, ಉಳಿದದ್ದಕ್ಕೆ ಏರು ಸ್ವರ ಕೊಡಿ. ಕಬ್ಬಿಣದ ಸದ್ದಿನ ವಾಲ್ಯೂಮ್ ಬೇರೆಯಾಗಿ ತಗ್ಗಿಸುವ ಸೌಲಭ್ಯ ಇದ್ದರೆ ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಆಗ ಗೊರಗೊರ ಎನ್ನುವ ಮೊಳೆಗಳ ನಡುವೆ ಒಂದು ಚೂಪಾದ 'ಟಿಕ್' ಎದ್ದು ಕೇಳುತ್ತದೆ. ಅದೇ ನೀವು ಹುಡುಕುತ್ತಿರುವುದು. ಎಷ್ಟು ಮೊಳೆ ಇವೆ, ಎಲ್ಲಿ ದಟ್ಟ, ಎಲ್ಲಿ ತೆಳು ಎಂಬ ನಕ್ಷೆಯೂ ಕಿವಿಯಲ್ಲೇ ಮೂಡುತ್ತದೆ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಕಿವಿ ಪಳಗಿದ ಮೇಲೆ ಮೌನದ ಯಂತ್ರ ಬೇಡವೆನಿಸುತ್ತದೆ.

ಕೆಲವು ಯಂತ್ರಗಳಲ್ಲಿ ಐರನ್ ಬಯಾಸ್ ಎಂಬ ಸೆಟ್ಟಿಂಗ್ ಇದೆ. ಅನುಮಾನದ ಸಿಗ್ನಲ್ ಬಂದಾಗ ಅದನ್ನು ಕಬ್ಬಿಣದ ಕಡೆ ಎಷ್ಟು ತಳ್ಳಬೇಕು ಎಂದು ತೀರ್ಮಾನಿಸುವುದು ಅದು. ಜಾಸ್ತಿ ಇಟ್ಟರೆ ಸುಳ್ಳು ಕೂಗು ಕಮ್ಮಿ, ಆದರೆ ಮೊಳೆ ಪಕ್ಕದ ನಾಣ್ಯವೂ ಕಮ್ಮಿ. ಇಂಥ ಜಾಗದಲ್ಲಿ ನಾನು ಅದನ್ನು ಕಮ್ಮಿ ಇಡುವ ಪಕ್ಷ. ಕೆಲವು ಸುಳ್ಳು ಕೂಗಿಗೆ ಅಗೆದರೆ ಹೋಗುವುದು ಬರೀ ಶ್ರಮ.

ಸಣ್ಣ ಕಾಯಿಲ್, ತಗ್ಗಿದ ಸೆನ್ಸಿಟಿವಿಟಿ

ಒಂದೇ ಒಂದು ಬದಲಾವಣೆ ಮಾಡಲು ಅವಕಾಶ ಇದ್ದರೆ ಸಣ್ಣ ಕಾಯಿಲ್ ಹಾಕಿ. ಎರಡೂ ತೊಂದರೆಗೆ ಒಟ್ಟಿಗೆ ಕೆಲಸ ಮಾಡುವ ಮದ್ದು ಇದೊಂದೇ. 28 ಸೆಂಟಿಮೀಟರ್ ಅಗಲದ ದುಂಡು ಕಾಯಿಲ್ 15 ಸೆಂಟಿಮೀಟರ್‌ನದ್ದಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ನೆಲವನ್ನು ಒಮ್ಮೆಗೇ ಮುಚ್ಚುತ್ತದೆ. ಅಷ್ಟು ಹೆಚ್ಚು ಮಣ್ಣು, ಅಷ್ಟು ಹೆಚ್ಚು ಮೊಳೆ. ಸಣ್ಣ ಕಾಯಿಲ್ ಮಣ್ಣನ್ನೂ ಕಮ್ಮಿ ಕೇಳುತ್ತದೆ, ಎರಡು ಮೊಳೆಗಳ ಸಂದಿಗೂ ಇಳಿಯುತ್ತದೆ. ಆಳ ಕಮ್ಮಿಯಾಗುತ್ತದೆ ಎಂಬ ಭಯ ಸಹಜ. ಆದರೆ ಕೆಟ್ಟ ಮಣ್ಣಿನಲ್ಲಿ ದೊಡ್ಡ ಕಾಯಿಲ್‌ನ ಆಳ ಹೇಗೂ ಕೈಗೆ ಸಿಗುತ್ತಿರಲಿಲ್ಲ.

ಕಾಯಿಲ್‌ನ ಬಗೆಯೂ ಮುಖ್ಯ. ಡಬಲ್ ಡಿ ಕಾಯಿಲ್‌ನಲ್ಲಿ ಡಿ ಅಕ್ಷರದ ಆಕಾರದ ಎರಡು ಸುರುಳಿಗಳು ನಡುವೆ ಒಂದರ ಮೇಲೊಂದು ಬಂದಿರುತ್ತವೆ. ಅದು ಮುಖ್ಯವಾಗಿ ಕೇಳುವುದು ನಡುವಿನ ಕಿರಿದಾದ ಪಟ್ಟಿಯಲ್ಲಿ. ಹಾಗಾಗಿ ಮಣ್ಣಿನ ಗದ್ದಲ ಕಮ್ಮಿ. ಒಂದರೊಳಗೊಂದು ದುಂಡು ಸುರುಳಿಗಳಿರುವ ಕಾನ್ಸೆಂಟ್ರಿಕ್ ಕಾಯಿಲ್ ಮಣ್ಣಿಗೆ ಬೇಗ ಸೋಲುತ್ತದೆ, ಆದರೆ ಬಾಟಲಿ ಮುಚ್ಚಳ, ಚಪ್ಪಟೆ ಕಬ್ಬಿಣವನ್ನು ಗುರುತಿಸುವುದರಲ್ಲಿ ಕೆಲವೊಮ್ಮೆ ಮೇಲು. ಮಣ್ಣು ಹದವಾಗಿದ್ದು ಕಸ ಮಾತ್ರ ಹೆಚ್ಚಿದ್ದರೆ ಅದನ್ನೂ ಹಾಕಿ ನೋಡಬಹುದು.

ಸೆನ್ಸಿಟಿವಿಟಿ, ಅಂದರೆ ಕ್ಷೀಣ ಸಿಗ್ನಲ್ಲಿಗೂ ಕೂಗುವ ಚುರುಕು, ಎಷ್ಟು ಏರಿಸಿದರೆ ಅಷ್ಟು ಆಳ ಎಂಬುದು ಒಳ್ಳೆಯ ಮಣ್ಣಿನ ಲೆಕ್ಕ. ಇಲ್ಲಿ ಏರಿಸಿದಷ್ಟೂ ಮಣ್ಣಿನ ದನಿಯೂ ಏರುತ್ತದೆ. ಒಂದು ಹಂತದ ನಂತರ ಯಂತ್ರ ಓವರ್‌ಲೋಡ್ ಆಗುತ್ತದೆ, ನಾಣ್ಯಕ್ಕೆ ಜಾಗವೇ ಉಳಿಯುವುದಿಲ್ಲ. ಗದ್ದಲ ನಿಲ್ಲುವವರೆಗೆ ತಗ್ಗಿಸಿ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಇಡಿ. ಸೆನ್ಸಿಟಿವಿಟಿ ತಗ್ಗಿಸಿದ ಮೇಲೆ ಹೊಸ ಸಿಗ್ನಲ್‌ಗಳು ಕೇಳಲು ಶುರುವಾಗುವುದು ಇಂಥ ಮಣ್ಣಿನಲ್ಲಿ ಸಾಮಾನ್ಯ ಅನುಭವ.

ಕಾಯಿಲ್ ಅನ್ನು ನೆಲಕ್ಕೆ ಉಜ್ಜುವುದೂ ಬೇಡ. ಮಣ್ಣಿನ ಸಿಗ್ನಲ್‌ನಲ್ಲಿ ಹೆಚ್ಚಿನ ಪಾಲು ಕಾಯಿಲ್‌ಗೆ ತೀರಾ ಹತ್ತಿರದ ಕೆಲವೇ ಸೆಂಟಿಮೀಟರ್ ಪದರದ್ದು. ಎರಡು ಮೂರು ಸೆಂಟಿಮೀಟರ್ ಎತ್ತಿ ಹಿಡಿದರೆ ಆ ಪಾಲು ತುಂಬ ಇಳಿಯುತ್ತದೆ. ಆಳದ ನಾಣ್ಯ ಕಳೆದುಕೊಳ್ಳುವುದು ಅದಕ್ಕೆ ಹೋಲಿಸಿದರೆ ಕಮ್ಮಿ. ಎತ್ತರ ಮಾತ್ರ ಒಂದೇ ಸಮ ಇರಬೇಕು.

ನೆಲಬಾಂಬ್ ತೆರವು ಮಾಡುವವರು ಈ ಎತ್ತರವನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ನಿಗದಿತ ಸೆನ್ಸಿಟಿವಿಟಿಗೆ ಹೊಂದಿಸಿದ ಡಿಟೆಕ್ಟರ್ ನೆಲದಿಂದ ಎಷ್ಟು ಎತ್ತರದಲ್ಲಿ ಬರೀ ಮಣ್ಣಿಗೇ ಕೂಗುತ್ತದೆ ಎಂದು ನೋಡುತ್ತಾರೆ. ಹೆಚ್ಚು ಎತ್ತರದಲ್ಲೇ ಕೂಗಿದರೆ ಮಣ್ಣು ಅಷ್ಟು ಕೆಟ್ಟದ್ದು. ಅವರ ಡಿಟೆಕ್ಟರ್ ಪರೀಕ್ಷೆಯ ಯುರೋಪಿಯನ್ ಒಪ್ಪಂದ ಸಿಡಬ್ಲ್ಯೂಎ 14747 ಬಂದದ್ದು 2003ರಲ್ಲಿ. ಅವರಿಗೆ ಕಬ್ಬಿಣ ಬಿಟ್ಟು ಮುಂದೆ ಹೋಗುವ ಸ್ವಾತಂತ್ರ್ಯ ಇಲ್ಲ. ಕೂಗಿದ ಪ್ರತಿಯೊಂದನ್ನೂ ಬಗ್ಗಿ ನೋಡಲೇಬೇಕು.

ಆಡಿಸುವ ವೇಗ

ಈಗಿನ ಹೆಚ್ಚಿನ ಯಂತ್ರಗಳು ಕಾಯಿಲ್ ಚಲಿಸುತ್ತಿದ್ದರೆ ಮಾತ್ರ ಕೇಳುತ್ತವೆ. ನಿಧಾನವಾಗಿ ಬದಲಾಗುವುದು ಮಣ್ಣು, ಥಟ್ಟನೆ ಬಂದು ಹೋಗುವುದು ಲೋಹ ಎಂಬ ಲೆಕ್ಕದಲ್ಲಿ ಅವು ಸಿಗ್ನಲ್ ಸೋಸುತ್ತವೆ. ಒಂದು ವಸ್ತುವನ್ನು ಕೇಳಿ ಮುಂದಿನದಕ್ಕೆ ಸಿದ್ಧವಾಗಲು ಯಂತ್ರಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತು 50 ಮಿಲಿಸೆಕೆಂಡ್ ಎಂದುಕೊಳ್ಳಿ. ನೀವು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸಿದರೆ ಅಷ್ಟರಲ್ಲಿ 5 ಸೆಂಟಿಮೀಟರ್ ನೆಲ ದಾಟಿಹೋಗಿರುತ್ತದೆ. ಮೊಳೆಯಿಂದ 4 ಸೆಂಟಿಮೀಟರ್ ಆಚೆಯ ನಾಣ್ಯ ಅಲ್ಲೇ ಹೋಯಿತು. ವೇಗ ಅರ್ಧ ಮಾಡಿದರೆ ದಾಟುವುದು ಎರಡೂವರೆ ಸೆಂಟಿಮೀಟರ್, ನಾಣ್ಯ ಸಿಕ್ಕಿತು.

ರಿಕವರಿ ಸ್ಪೀಡ್ ಎಂಬ ಸೆಟ್ಟಿಂಗ್ ಈ ಹೊತ್ತನ್ನೇ ಬದಲಿಸುತ್ತದೆ. ಅದನ್ನು ವೇಗಗೊಳಿಸಿದರೆ ಒಂದಕ್ಕೊಂದು ಅಂಟಿಕೊಂಡ ವಸ್ತುಗಳು ಬೇರೆ ಬೇರೆ ಕೇಳುತ್ತವೆ, ಸ್ವಲ್ಪ ಆಳ ಕಮ್ಮಿಯಾಗುತ್ತದೆ. ಕಸದ ಜಾಗದಲ್ಲಿ ಆ ವ್ಯಾಪಾರ ಲಾಭದ್ದೇ. ಹಾಗಂತ ಕಾಯಿಲ್ ತೆವಳಿಸಿದರೂ ಆಗದು. ತೀರಾ ನಿಧಾನವಾದರೆ ನಾಣ್ಯವೂ ಮಣ್ಣಿನ ಹಾಗೆ ಸೋಸಿಹೋಗುತ್ತದೆ. ಗಿಡ್ಡ ಬೀಸು, ಒಂದೇ ವೇಗ, ಒಂದರ ಮೇಲೊಂದು ಅರ್ಧ ಬರುವಂತೆ ಸಾಲು.

ಒಂದು 'ಟಿಕ್' ಕೇಳಿತು ಅನ್ನಿ. ಅಲ್ಲೇ ನಿಂತು ಗಿಡ್ಡವಾಗಿ ಆಡಿಸಿ. ಆಮೇಲೆ ಅದರ ಸುತ್ತ ನಡೆಯುತ್ತ ಬೇರೆ ಬೇರೆ ಕೋನದಿಂದ ಕೇಳಿ. ಮೊಳೆ ಉದ್ದ ವಸ್ತು, ಆದ್ದರಿಂದ ಒಂದು ದಿಕ್ಕಿನಲ್ಲಿ ಚೂಪಾಗಿ ಕೂಗಿ, 90 ಡಿಗ್ರಿ ತಿರುಗಿದಾಗ ಗೊರಗುಟ್ಟುವುದು ಅದರ ಗುಣ. ನಾಣ್ಯ ದುಂಡು, ಎಲ್ಲ ಕಡೆಯಿಂದ ಒಂದೇ ಜಾಗದಲ್ಲಿ ಕೂಗಬೇಕು. ಸ್ವರ ಕೇಳುವ ಜಾಗ ತಿರುಗಿದಾಗ ಸರಿದುಹೋದರೆ ಅನುಮಾನಿಸಿ. ಇನ್ನೊಂದು ಪರೀಕ್ಷೆಯೂ ಇದೆ. ಕಾಯಿಲ್ ಆಡಿಸುತ್ತಲೇ ನಿಧಾನವಾಗಿ ನಿಮ್ಮ ಕಡೆ ಎಳೆದುಕೊಳ್ಳಿ. ಡಬಲ್ ಡಿ ಕಾಯಿಲ್‌ನ ಮೂತಿ ದಾಟುವ ಹೊತ್ತಿಗೆ ಕಬ್ಬಿಣವಾದರೆ ಅನೇಕ ಸಲ ತಗ್ಗು ಸ್ವರಕ್ಕೆ ಬೀಳುತ್ತದೆ. ನಾಣ್ಯ ಸ್ವರ ಬಿಡದೆ ಮಂಕಾಗುತ್ತದೆ.

ಆದರೆ ಮೊಳೆಗಳ ನಡುವಿನ ನಾಣ್ಯ ಎಲ್ಲ ಕಡೆಯಿಂದ ಕೂಗಲೇಬೇಕೆಂದಿಲ್ಲ. ಒಂದು ಕೋನದಲ್ಲಿ ಮಾತ್ರ ಸಂದಿ ಸಿಗಬಹುದು. ಒಂದೇ ದಿಕ್ಕಿನಿಂದಾದರೂ ಪದೇ ಪದೇ ಒಂದೇ ಜಾಗದಲ್ಲಿ ಏರು ಸ್ವರ ಬಂದರೆ ಅಗೆಯುವುದು ಒಳ್ಳೆಯದು. ಅಲ್ಲಿ ಮೊಳೆಯೇ ಸಿಕ್ಕರೂ ಚಿಂತೆಯಿಲ್ಲ, ಒಂದು ಮುಸುಕು ತೆಗೆದಂತಾಯಿತು.

ಪಲ್ಸ್ ಇಂಡಕ್ಷನ್ ಯಾಕೆ ಉತ್ತರವಲ್ಲ?

ಮಣ್ಣು ಅಷ್ಟು ಕೆಟ್ಟದಾದರೆ ಪಲ್ಸ್ ಇಂಡಕ್ಷನ್ ಯಂತ್ರ ತರಬಾರದೇ ಎಂದು ಕೇಳಬಹುದು. ಅದರ ದಾರಿ ಬೇರೆ. ಒಂದು ಚುಟುಕು ಪಲ್ಸ್ ಕೊಟ್ಟು, ನಿಲ್ಲಿಸಿ, ಮೈಕ್ರೋಸೆಕೆಂಡ್‌ಗಳ ನಂತರ ಉಳಿದ ಪ್ರತಿಧ್ವನಿ ಕೇಳುತ್ತದೆ. ತಡ ಮಾಡದ ಮ್ಯಾಗ್ನೆಟೈಟ್ ಅಷ್ಟರಲ್ಲಿ ಸುಮ್ಮನಾಗಿರುತ್ತದೆ. ಹಿಂದುಳಿಯುವ ಸಣ್ಣ ಕಣಗಳು ಮಾತ್ರ ಇನ್ನೂ ಗುನುಗುತ್ತಿರುತ್ತವೆ. ಆದರೆ ಅವುಗಳ ಸಿಗ್ನಲ್ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ, ಲೋಹದ್ದು ಘಾತೀಯವಾಗಿ. ಇಳಿಯುವ ರೀತಿ ಬೇರೆಯಾದ್ದರಿಂದ ಎರಡು ಮೂರು ಹೊತ್ತಿನಲ್ಲಿ ಅಳೆದು ಮಣ್ಣನ್ನು ಕಳೆಯಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಚಿನ್ನದ ನೆಲ ವಿಎಲ್‌ಎಫ್ ಯಂತ್ರಗಳಿಗೆ ಕುಖ್ಯಾತ. ಬ್ರೂಸ್ ಕ್ಯಾಂಡಿ ರೂಪಿಸಿದ ಮೈನ್‌ಲ್ಯಾಬ್ ಎಸ್‌ಡಿ 2000 ಎಂಬ ಪಲ್ಸ್ ಯಂತ್ರ 1995ರಲ್ಲಿ ಬಂದ ಮೇಲೆ ಅಂಥ ನೆಲದಲ್ಲಿ ಹುಡುಕುವ ರೀತಿಯೇ ಬದಲಾಯಿತು.

ಅಂದರೆ ಮಣ್ಣಿನ ತೊಂದರೆಗೆ ಇದು ಬಲವಾದ ಮದ್ದು. ಕಸದ ತೊಂದರೆಗೆ ಅಲ್ಲವೇ ಅಲ್ಲ. ಕಬ್ಬಿಣವನ್ನು ನಂಬುವಂತೆ ಗುರುತಿಸುವುದು ಪಲ್ಸ್ ಯಂತ್ರಕ್ಕೆ ಕಷ್ಟ. ಅದು ಮೊಳೆಯನ್ನು ಇನ್ನೂ ಆಳದಿಂದ ಎತ್ತಿ ತೋರಿಸುತ್ತದೆ. ಚಿನ್ನದ ನೆಲದಲ್ಲಿ ಕಸ ವಿರಳ, ಎಲ್ಲ ಅಗೆಯಬಹುದು. ಹಳೆಯ ವಾಸದ ಜಾಗದಲ್ಲಿ ಹಾಗೆ ಅಗೆಯುತ್ತ ಹೋದರೆ ದಿನಕ್ಕೆ ಒಂದು ಮೂಲೆಯೂ ಮುಗಿಯದು. ಒಂದೇ ಹೊತ್ತಿಗೆ ಹಲವು ಫ್ರೀಕ್ವೆನ್ಸಿ ಬಳಸುವ ಯಂತ್ರಗಳು ನಡುದಾರಿ. ಮಣ್ಣನ್ನು ಒಂದು ಫ್ರೀಕ್ವೆನ್ಸಿಗಿಂತ ಚೆನ್ನಾಗಿ ಕಳೆಯುತ್ತವೆ, ಕಬ್ಬಿಣದ ಗುರುತನ್ನೂ ಉಳಿಸಿಕೊಳ್ಳುತ್ತವೆ. ಈ ಎರಡು ತೊಂದರೆ ಸೇರಿರುವ ಕಡೆ ನನ್ನ ಆಯ್ಕೆ ಅವೇ, ಸಣ್ಣ ಕಾಯಿಲ್ ಜೊತೆ.

ಅಗೆಯುವಾಗ

ಮೊದಲು ಜಾಗದ ಮಾಲೀಕರ ಅನುಮತಿ, ಆಯಾ ದೇಶದ ಕಾನೂನು. ಸಂರಕ್ಷಿತ ಪುರಾತತ್ವ ಜಾಗವಾದರೆ ಹೋಗಲೇಬಾರದು. ಅಲ್ಲಿ ತುಕ್ಕು ಮೊಳೆಯೂ ಸಾಕ್ಷಿ. ಯುದ್ಧ ನಡೆದ ನೆಲವಾದರೆ ದೊಡ್ಡ ಕಬ್ಬಿಣದ ಸಿಗ್ನಲ್ ಸಿಡಿಯದ ಗುಂಡೂ ಆಗಿರಬಹುದು, ಮುಟ್ಟಬೇಡಿ.

ಗುಂಡಿಯೊಳಗೆ ಬಳಸುವ ಕೈ ಪಿನ್‌ಪಾಯಿಂಟರ್ ಕೂಡ ಕೆಟ್ಟ ಮಣ್ಣಿಗೆ ಕೂಗುತ್ತದೆ. ಅನೇಕ ಪಿನ್‌ಪಾಯಿಂಟರ್‌ಗಳು ಆನ್ ಮಾಡಿದ ಕ್ಷಣದಲ್ಲಿ ಎದುರಿಗಿದ್ದುದನ್ನು ಸೊನ್ನೆ ಎಂದುಕೊಳ್ಳುತ್ತವೆ. ಹಾಗಾಗಿ ತುದಿಯನ್ನು ಮಣ್ಣಿಗೆ ತಾಗಿಸಿ ಆನ್ ಮಾಡಿದರೆ ಗುಂಡಿಯ ಗೋಡೆಗಳೆಲ್ಲ ಕೂಗುವುದು ನಿಲ್ಲುತ್ತದೆ.

ಮೊಳೆ ಹೊರಬಂತೆಂದು ಗುಂಡಿ ಮುಚ್ಚಿಬಿಡಬೇಡಿ. ಗುಂಡಿಯ ಮೇಲೆ, ಅಂಚಿನಲ್ಲಿ, ತೆಗೆದ ಮಣ್ಣಿನ ಮೇಲೆ ಮತ್ತೆ ಕಾಯಿಲ್ ಆಡಿಸಿ. ಮೊಳೆ ಹೋದ ಮೇಲೆ ಕೆಳಗಿನ ದನಿ ಈಗ ಮೊದಲ ಸಲ ಕೇಳಬಹುದು. ಅಗೆದ ಗುಂಡಿಯ ಮಣ್ಣಿನ ಪದರ ಕಲಸಿಹೋಗಿರುವುದರಿಂದ ಹಳೆಯ ಬ್ಯಾಲೆನ್ಸ್ ಅಲ್ಲಿ ಪೂರ್ತಿ ಹೊಂದುವುದಿಲ್ಲ, ಅಂಚಿನಲ್ಲಿ ಬರುವ ಮಂದ ಸದ್ದನ್ನು ಅದಕ್ಕೆ ತಕ್ಕಂತೆ ತೂಗಿ ನೋಡಿ. ತೆಗೆದ ಕಬ್ಬಿಣವನ್ನು ಅಲ್ಲೇ ಎಸೆಯದೆ ಚೀಲಕ್ಕೆ ಹಾಕಿಕೊಳ್ಳಿ. ಆಮೇಲೆ ಅದೇ ತುಂಡು ನೆಲವನ್ನು ಮೊದಲಿನದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಇನ್ನೊಮ್ಮೆ ಸಾಲು ಹಿಡಿದು ಹುಡುಕಿ.